ಬಿಚ್ಚದ ಬಾವುಟ

ನಮ್ಮ ಡ್ರಿಲ್ ಮಾಸ್ತರರು ಆ ಹುಡುಗನಿಗೆ ಒಂದೇ ಒಂದು ಏಟು ಕೊಟ್ಟರು, ಆ ಏಟಿನಿಂದ ಅವನು ಮನುಷ್ಯನಾದ ಎಂದು ಎಲ್ಲರೂ ಹೇಳುತ್ತಾರೆ. ಎರಡೂ ಸುಳ್ಳು. ಏಟು ಒಂದಲ್ಲ. ಹುಡುಗ ಅದಕ್ಕೆ ಮುಂಚೆಯೇ ಮನುಷ್ಯನಾಗಿದ್ದ. ಹೋದ ತಿಂಗಳು ಮಾಸ್ತರರು ತೀರಿಕೊಂಡಾಗ ಶಾಲೆಯ ಅಂಗಳದಲ್ಲಿ ಶೋಕಸಭೆ ನಡೆಯಿತು. ಅಲ್ಲಿಯೂ ಈ ಕತೆಯನ್ನೇ ಹೇಳಿದರು. ಹೇಳಿದವರಲ್ಲಿ ಒಬ್ಬರೂ ಆ ದಿನ ಬಾವುಟದ ಕಂಬದ ಹತ್ತಿರ ನಿಂತವರಲ್ಲ. ನಾನು ನಿಂತಿದ್ದೆ.

ಹಾಗಿದ್ದೂ ನನ್ನ ವಾದದಲ್ಲಿ ಒಂದು ಕೊಂಡಿ ಇಷ್ಟು ವರ್ಷ ತಪ್ಪಿಹೋಗಿತ್ತು. ಅದು ಸಿಕ್ಕಿದ್ದು ಒಂದು ಅಂಗಿಯಲ್ಲಿ. ಸಭೆಗೆ ಹೊರಡುವ ದಿನ ಬೆಳಿಗ್ಗೆ ಧಾರವಾಡದ ನನ್ನ ಕೋಣೆಯಲ್ಲಿ ಅಗಸರವನ ಗಂಟು ಬಿಚ್ಚಿದೆ. ಜಡಿಮಳೆಯ ದಿನಗಳು, ಗಂಜಿ ಹಾಕಿದ ಬಿಳಿ ಅಂಗಿಯನ್ನು ಅವನು ಪೂರ್ತಿ ಒಣಗಿಸದೆ ಮಡಚಿ ಕೊಟ್ಟಿದ್ದ. ಅಕ್ಕಿಗಂಜಿಯ ಹುಳಿ ವಾಸನೆ ಮೂಗಿಗೆ ಹೊಡೆಯಿತು. ತೋಳು ಎದೆಗೆ ಅಂಟಿಕೊಂಡಿತ್ತು. ಎಳೆದೆ, ಬರಲಿಲ್ಲ. ಜೋರಾಗಿ ಎಳೆದೆ. ಪರ್ರೆಂದು ಬಿಟ್ಟುಕೊಂಡಿತು. ಆ ಶಬ್ದವನ್ನು ನಾನು ಹಿಂದೆ ಒಮ್ಮೆ ಕೇಳಿದ್ದೆ... 

ನಮ್ಮ ಸೀಮೆ ಮುಂಬಯಿಯಿಂದ ಮೈಸೂರಿಗೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಶಾಲೆ ಇದ್ದದ್ದು ಶಿಗ್ಗಾಂವಿ ಸವಣೂರುಗಳ ನಡುವಿನ ಒಂದು ಊರಿನಲ್ಲಿ, ಹೆಸರು ಬೇಡ. ಮಾಸ್ತರರು ಸವಣೂರಿನವರು. ಮಠದ ಓಣಿಯ ತಮ್ಮ ಮನೆಯಿಂದ ಮೊದಲ ಮೋಟಾರಿಗೆ ಬರುತ್ತಿದ್ದರು. ಖಾಕಿ ಅರೆಚೊಣ್ಣ, ಬಿಳಿ ಟೊಪ್ಪಿಗೆ, ಕೊರಳಲ್ಲಿ ಸೀಟಿ. ಹಣೆಯ ಅಂಗಾರದ ಕರಿಗೆರೆ ಬೆವರಿಗೆ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು. ಲೇಜಿಮ್ ಆಡುವ ಬಿಲ್ಲಿನಂಥ ಕೋಲಿಗೆ ಸರಪಳಿ, ಸರಪಳಿಗೆ ಗಲಗಲಿಸುವ ಬಿಲ್ಲೆಗಳು ಇರುತ್ತವಲ್ಲ, ಅಂಥದೊಂದರ ಸರಪಳಿ ಕಿತ್ತು ಬರೀ ಕೋಲನ್ನು ಅವರು ಕೈಯಲ್ಲಿ ಹಿಡಿದಿರುತ್ತಿದ್ದರು.

ಪಂದ್ರಾ ಆಗಸ್ಟಿನ, ಅಂದರೆ ಸ್ವಾತಂತ್ರ್ಯದ ಹಬ್ಬದ, ತಯಾರಿ ಮಳೆಗಾಲ ಹಿಡಿಯುತ್ತಿದ್ದಂತೆ ಶುರುವಾಗುತ್ತಿತ್ತು. ಹೆಜ್ಜೆ ತಪ್ಪಿದವನ ಮೀನಖಂಡಕ್ಕೆ ಕೋಲು ಬೀಳುತ್ತಿತ್ತು. ಅತ್ತವನಿಗೆ ಅತ್ತದ್ದಕ್ಕೆ ಬೇರೆ. ಸಾಲಿನಲ್ಲಿ ಒಬ್ಬ ನಕ್ಕರೆ ಇಡೀ ಸಾಲು ಕೈ ಮೇಲೆತ್ತಿ ಕೆಸರಿನಲ್ಲಿ ಓಡಬೇಕು. ಹಿಂದೆ ಬಿದ್ದವನ ಬೆನ್ನಿಗೆ ಅವರು. ಸ್ವಾತಂತ್ರ್ಯ ಎಂಬ ಶಬ್ದ ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೊದಲು ನೆನಪಾಗುವುದು ಕಾಲಿನ ಆ ಉರಿ. ಇದನ್ನು ಶಿಸ್ತು ಎಂದು ಕರೆಯುವವರು ಕರೆಯಲಿ. ಶಿಸ್ತು ಬಂದಿದ್ದರೆ ಪ್ರತಿ ವರ್ಷ ಮತ್ತೆ ಮೊದಲಿನಿಂದ ಹೊಡೆಯಬೇಕಾದ ಪ್ರಸಂಗ ಯಾಕೆ ಬರುತ್ತಿತ್ತು?

ಆದರೆ ಎದುರು ಪಕ್ಷದ ಸಾಕ್ಷಿಯನ್ನು ಮುಚ್ಚಿಡಬಾರದು. ಒಂದು ವರ್ಷ ಬೆಳಗಿನ ಪ್ರಭಾತಫೇರಿಯಲ್ಲಿ ಹಳ್ಳದ ಹತ್ತಿರ ಮಳೆ ಹಿಡಿಯಿತು. ಮಾಸ್ತರರು ತಮ್ಮ ಕೋಟು ಕಳಚಿ ಬಾವುಟಕ್ಕೆ ಸುತ್ತಿ, ಅದನ್ನು ಎದೆಗವಚಿಕೊಂಡು, ತೊಯ್ದು ತಪ್ಪಡಿಯಾಗಿ ಊರೆಲ್ಲ ನಡೆದರು. ಶಾಲೆಗೆ ವಾಪಸು ಬಂದಾಗ ಅವರ ಹಲ್ಲು ಕಟಕಟ ಎನ್ನುತ್ತಿದ್ದವು. ಹಾಗೇ ಚೀಲದಿಂದ ಸವಣೂರ ಖಾರಾ ತೆಗೆದು ನಮ್ಮೆಲ್ಲರಿಗೂ ಹಂಚಿದರು. ತಾವು ಒಂದು ಕಾಳೂ ಬಾಯಿಗೆ ಹಾಕಲಿಲ್ಲ. ಆ ಮನುಷ್ಯನೂ ಅವರೇ.

ಹುಡುಗ ಎಂದೆನಲ್ಲ, ಅವನು ದುಂಡಸಿಯವನು. ಒಕ್ಕಲುತನದ ಮನೆ. ನಮ್ಮೂರಿನ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದ. ನನ್ನ ಪಕ್ಕದಲ್ಲೇ ಕೂಡುತ್ತಿದ್ದ. ಫೇರಿಯ ಮುಂದೆ ಡ್ರಮ್ ಬಾರಿಸುತ್ತಿದ್ದವನು ಅವನೇ. ಹಲಗೆಯ ಮೇಲೆ, ತಟ್ಟೆಯ ಮೇಲೆ, ನನ್ನ ಬೆನ್ನಿನ ಮೇಲೆ, ಎಲ್ಲಿಯಾದರೂ ಅವನ ಬೆರಳು ಆಡುತ್ತಿದ್ದವು. ದೊಡ್ಡವನಾದ ಮೇಲೆ ಪೊಲೀಸ್ ಬ್ಯಾಂಡಿಗೆ ಸೇರುತ್ತೇನೆ ಎನ್ನುತ್ತಿದ್ದ. ಸೇರುತ್ತಿದ್ದ ಕೂಡ. ಅಂಥ ಕಿವಿ ಅವನದು.

ಗಂಜಿಯ ಕತೆ ಶುರುವಾದದ್ದು ಆ ಏಟು ಬಿದ್ದದ್ದರ ಹಿಂದಿನ ವರ್ಷ. ಆಗ ಮಳೆಗೆ ತೊಯ್ದ ಖಾದಿ ಬಾವುಟ ಕಂಬಕ್ಕೆ ಜೋತುಬಿದ್ದಿತ್ತು. ಧ್ವಜ ಏರಿಸಲು ಬಂದಿದ್ದ ಪುಢಾರಿ ಹತ್ತಿಯ ವ್ಯಾಪಾರಿ, ಬಾಯಿ ಜೋರು. ಎಲ್ಲರ ಮುಂದೆ ಕೇಳಿದ: “ಮಾಸ್ತರ, ಇದೇನು ಬಾವುಟೇನ್ರಿ, ಒಣಗಾಕ ಹಾಕಿದ ಧೋತ್ರೇನ್ರಿ?”

ಊರು ನಕ್ಕಿತು. ಮಾಸ್ತರರು ನಗಲಿಲ್ಲ. ಮುಂದಿನ ವರ್ಷ ಹಬ್ಬದ ಹಿಂದಿನ ದಿನ ಪ್ರಾರ್ಥನೆಯ ಹೊತ್ತಿಗೆ ನಮ್ಮ ಮುಂದೆ ಸಾರಿದರು: “ಈ ಸಲ ಬಾವುಟಕ್ಕ ನಮ್ಮ ಮನ್ಯಾಗ ಗಂಜಿ ಹಾಕಿಸೀನಿ. ಹಪ್ಪಳ ಆಗಿರ್ತದ, ಹಪ್ಪಳ! ಯಾವಂವ ಧೋತ್ರ ಅಂತಾನ ನೋಡೂಣು.”

ನಮ್ಮ ಟೊಪ್ಪಿಗೆಗಳಿಗೆ ಗಂಜಿ, ಅಂಗಿಗಳಿಗೆ ಗಂಜಿ, ಇನ್ನು ಬಾವುಟಕ್ಕೇಕೆ ಬೇಡ? ಯಾರಿಗೂ ಅದು ವಿಚಿತ್ರ ಎನಿಸಲಿಲ್ಲ. ಆದರೆ ಆ ವಾರವೆಲ್ಲ ಬಿಸಿಲು ಬಿದ್ದಿರಲಿಲ್ಲ.

ಹಬ್ಬದ ಬೆಳಿಗ್ಗೆ ಮಾಸ್ತರರು ಚೀಲದಿಂದ ಬಾವುಟ ತೆಗೆದು ದುಂಡಸಿಯ ಹುಡುಗನ ಕೈಗೆ ಕೊಟ್ಟರು. ಪ್ರತಿ ವರ್ಷ ಏಳನೆಯ ಇಯತ್ತೆಯ ಒಬ್ಬ ಅದನ್ನು ಮಡಚಿ ಕಟ್ಟುವ ವಾಡಿಕೆ. ಮಡಿಕೆಯೊಳಗೆ ಚೆಂಡುಹೂವಿನ ಪಕಳೆ ತುಂಬಿ, ಒಂದು ತುದಿ ಎಳೆದರೆ ಸಡಿಲುವ ಜಾರುಗಂಟು ಹಾಕಬೇಕು. ಮುಟ್ಟಿದಾಗ ಬಾವುಟ ಇನ್ನೂ ತಂಪಾಗಿತ್ತು, ಮಂದವಾಗಿತ್ತು. ಅವನು ಕಟ್ಟಿದ. ಮಾಸ್ತರರು ತುದಿ ಎಳೆದು ನೋಡಿದರು. ಗಂಟು ಸರಕ್ಕನೆ ಬಿಚ್ಚಿತು. “ಭೇಷ್! ಹಿಂಗ ಕಟ್ಟು,” ಎಂದರು. ಅವರ ಕಣ್ಣೆದುರಿಗೇ ಅವನು ಮತ್ತೆ ಹಾಗೇ ಕಟ್ಟಿದ. ಆಮೇಲೆ ಊರೆಲ್ಲ ಫೇರಿ ತಿರುಗಿ ಬರುವ ತನಕ ಆ ಗಂಟು ದೊಡ್ಡ ಮಾಸ್ತರರ ಮೇಜಿನ ಮೇಲೆ ಬಿಗಿಯಾಗಿ ಕೂತಿತ್ತು. ಇದನ್ನು ಗಮನಿಸಬೇಕು. ಗಂಟನ್ನು ಪರೀಕ್ಷೆ ಮಾಡಿದವರು ಅವರೇ.

ಅದೇ ಪುಢಾರಿ ಬಂದಿದ್ದ. ಹಗ್ಗ ಎಳೆದ. ಬಾವುಟ ಮೇಲೆ ಹೋಯಿತು. ಜಗ್ಗಿದ. ದಾರ ಸಡಿಲವಾಗಿ ಗಾಳಿಗೆ ಬಿತ್ತು, ನಾಲ್ಕಾರು ಪಕಳೆ ಉದುರಿದವು. ಬಾವುಟ ಮಾತ್ರ ಕಟ್ಟಿದ ಬೀಡಾದಂತೆ ಮಡಚಿದ್ದು ಮಡಚಿದ ಹಾಗೇ ಉಳಿಯಿತು. ಮತ್ತೆ ಜಗ್ಗಿದ. ಇಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಪುಢಾರಿ ತಿರುಗಿ, “ಈ ಸಲ ಧೋತ್ರಾನೂ ಇಲ್ಲಲ್ರಿ ಮಾಸ್ತರ. ಬರೇ ಗಂಟು!” ಎಂದ.

ಮಾಸ್ತರರು ದುಂಡಸಿಯ ಹುಡುಗನ ಕಡೆಗೆ ನಡೆದು ಬಂದರು. ಅವನು ಕೊರಳಿಗೆ ಡ್ರಮ್ ಹಾಕಿಕೊಂಡು ನನ್ನ ಪಕ್ಕ ನಿಂತಿದ್ದ. “ನಾ ಬರೋಬ್ಬರಿ ಕಟ್ಟೀನ್ರಿ ಸರ...” ಎನ್ನುವಷ್ಟರಲ್ಲಿ ಅಂಗೈ ಅವನ ಎಡಗಿವಿಯ ಮೇಲೆ ಬಿತ್ತು. ಅವನು ಡ್ರಮ್ಮಿನ ಸಮೇತ ಕೆಳಗೆ ಬಿದ್ದ. ಆಮೇಲೆ ಕೋಲು. ಬೆನ್ನು, ತೊಡೆ, ಅಡ್ಡ ಹಿಡಿದ ಮೊಣಕೈ. ಡ್ರಮ್ಮಿಗೆ ಏಟು ಬಿದ್ದಾಗೆಲ್ಲ ಅದು ಧಂ ಎನ್ನುತ್ತಿತ್ತು; ಅವನಿಗೆ ಬಿದ್ದಾಗ ಏನೂ ಕೇಳಿಸುತ್ತಿರಲಿಲ್ಲ. ಅವನು ಅಳಲಿಲ್ಲ.

ಸಮಾರಂಭ ಕೆಡುತ್ತದೆಂದು ದೊಡ್ಡ ಮಾಸ್ತರರು ಗಾಬರಿಯಿಂದ ರಾಷ್ಟ್ರಗೀತೆ ಎತ್ತಿಬಿಟ್ಟರು. ಎಲ್ಲರೂ ನೆಟ್ಟಗೆ ನಿಂತೆವು. ಎತ್ತಿದ ಕೋಲನ್ನು ಇಳಿಸಿ ಡ್ರಿಲ್ ಮಾಸ್ತರರೂ ಸಾವಧಾನದಲ್ಲಿ ನಿಂತರು. ಕೆಸರಿನಲ್ಲಿ ಬಿದ್ದಿದ್ದ ಹುಡುಗ ಒಂದು ಕೈ ಊರಿ ಎದ್ದ. ಡ್ರಮ್ ಸೊಂಟಕ್ಕೆ ಜಾರಿತ್ತು. ಎರಡೂ ಕೈ ಬದಿಗೆ ಒತ್ತಿ ಅವನೂ ನಿಂತ. ಕಿವಿಯಿಂದ ರಕ್ತದ ಒಂದು ಎಳೆ ಇಳಿದು ಬಿಳಿ ಕಾಲರಿನಲ್ಲಿ ಹರಡುತ್ತಿತ್ತು. ನಾನು ಹಾಡುತ್ತ ಅದನ್ನೇ ನೋಡುತ್ತಿದ್ದೆ. ಗೀತೆ ಮುಗಿಯಿತು.

ಮಾಸ್ತರರು ಮತ್ತೆ ಶುರುಮಾಡಿದರು.

ಅದು ಒಂದು ಗಳಿಗೆಯ ಸಿಟ್ಟು ಎನ್ನುವವರಿಗೆ ನನ್ನ ಪ್ರಶ್ನೆ ಇಷ್ಟೇ: ಗಳಿಗೆಯ ಸಿಟ್ಟು ಒಂದು ಪೂರಾ ರಾಷ್ಟ್ರಗೀತೆಯನ್ನು ತಾಳಿಕೊಂಡು ನಿಲ್ಲುತ್ತದೆಯೇ?

ಅಷ್ಟರಲ್ಲಿ ಶಾಲೆಯ ಜವಾನ ಉದ್ದನೆಯ ಬಿದಿರಿನ ಗಳ ತಂದು ಬಾವುಟವನ್ನು ತಿವಿದ. ಪರ್ರೆಂದಿತು. ಮಡಿಕೆ ಮಡಿಕೆಯಾಗಿ ಬಿಟ್ಟುಕೊಂಡಿತು. ಜನ ಚಪ್ಪಾಳೆ ತಟ್ಟಿದರು. ಪುಢಾರಿ ಭಾಷಣ ಮಾಡಿದ. ಪೆಪ್ಪರ್‌ಮಿಂಟ್ ಹಂಚಿದರು.

ಮರುದಿನ ನಾನು ಮಾಸ್ತರರ ಮುಂದೆ ಹೋಗಿ ನಿಂತೆ. “ಸರ, ಗಂಟು ಬಿಚ್ಚಿತ್ರಿ. ದಾರ ಜೋತು ಬಿದ್ದದ್ದು ನಾ ನೋಡೇನ್ರಿ.”

“ಓಹೋ, ವಕೀಲರು! ಹಂಗಾರ ಬಾವುಟ ಯಾಕ ಬಿಚ್ಚಲಿಲ್ಲಪಾ? ಹೇಳು.”

“ಗೊತ್ತಿಲ್ರಿ.”

“ಗೊತ್ತಿಲ್ದ ವಾದಾ ಮಾಡ್ತೀಯೇನು?” ಬೆರಳಿನ ಗೆಣ್ಣುಗಳ ಮೇಲೆ ಕೋಲು ಬಿತ್ತು. ಬೆರಳು ಬಾತು ಬಹಳ ದಿನ ಪೆನ್ಸಿಲ್ ಹಿಡಿಯಲಾಗಲಿಲ್ಲ. ಒಪ್ಪುತ್ತೇನೆ, ಅವರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. 

ದುಂಡಸಿಯಿಂದ ಹುಡುಗನ ಅಪ್ಪ ಬಂದ. ಜಗಳ ತೆಗೆಯುತ್ತಾನೆ ಎಂದು ನಾವು ಕಿಟಕಿಗೆ ಮುಗಿಬಿದ್ದೆವು. ಅವನು ಮಾಸ್ತರರ ಕಾಲಿಗೆ ಬಿದ್ದ. “ಮಾರಿ ತೋರಿಸದಂಗ ಮಾಡ್ಯಾನ್ರಿ ಸರ ಇಂವ,” ಎಂದು ಎದ್ದು, ಕಾಲಲ್ಲಿದ್ದ ಕೆರ ತೆಗೆದು, ಊದಿಕೊಂಡ ಕಿವಿಯ ಮಗನನ್ನು ಅಲ್ಲೇ ಬಡಿಯತೊಡಗಿದ. ಕೊನೆಗೆ ಬಿಡಿಸಿದವರು ಮಾಸ್ತರರೇ. “ಸಾಕು ಬಿಡೋ ಯಪ್ಪಾ,” ಎಂದರು. ಅವರ ದಯೆಯ ಕತೆ ಹೇಳುವವರು ಈ ಮಾತನ್ನೂ ಹೇಳುತ್ತಾರೆ. ಆದರೆ ಇಲ್ಲಿಂದ ಶುರುಮಾಡಿ ಹೇಳುತ್ತಾರೆ.

ಕಿವಿ ಸೋರಿತು. ಅತ್ತೆ ಬೆಳ್ಳುಳ್ಳಿ ಎಣ್ಣೆ ಬಿಟ್ಟಳು. ಸೋರುವುದು ನಿಂತಿತು, ಕೇಳುವುದೂ ನಿಂತಿತು. ಡ್ರಿಲ್ ಹೊತ್ತಿನಲ್ಲಿ ಎಡಗಡೆಯಿಂದ ಬಂದ ಆಜ್ಞೆ ಅವನಿಗೆ ತಿಳಿಯುತ್ತಿರಲಿಲ್ಲ. ಎಲ್ಲರೂ ತಿರುಗಿದ ಮೇಲೆ ನೋಡಿ ತಿರುಗುತ್ತಿದ್ದ. ತಡವಾಗಿ ತಿರುಗಿದ್ದಕ್ಕೆ ಏಟು. ಹಾಗೆ, ಹೊಡೆದು ಕೆಡಿಸಿದ ಕಿವಿಗಾಗಿ ಅವನನ್ನು ಮತ್ತೆ ಮತ್ತೆ ಹೊಡೆದರು. ಡ್ರಮ್ ಬೇರೆಯವನ ಕೊರಳಿಗೆ ಹೋಯಿತು. ಛಬ್ಬೀಸ್ ಜನವರಿಯ ಸಾಲಿನಲ್ಲಿ ನನ್ನ ಪಕ್ಕದ ಜಾಗ ಖಾಲಿ ಇತ್ತು. ದುಂಡಸಿಯಲ್ಲಿ ಕುಂಟೆ ಹೊಡೆಯಲು ಹೋದನೆಂದು ಆಮೇಲೆ ತಿಳಿಯಿತು.

ಶೋಕಸಭೆಗೆ ಅವನು ಬಂದಿದ್ದ. ಬಲಗಿವಿ ಮುಂದಾಗುವಂತೆ ತಲೆಯನ್ನು ಎಡಕ್ಕೆ ತಿರುವಿ ಕೂತು, ‘ಒಂದೇ ಏಟಿನ’ ಕತೆಯನ್ನು ಕೇಳಿ, ಕಣ್ಣೊರೆಸಿಕೊಂಡ. ಸಭೆ ಮುಗಿದ ಮೇಲೆ ನಾನು ಅವನ ಬಲಗಡೆ ಕೂತು ಅಂಗಿಯ ಸಂಗತಿ ಹೇಳಿದೆ. ನಿನ್ನ ಗಂಟು ಬಿಚ್ಚಿತ್ತು, ಹಸಿ ಗಂಜಿಗೆ ಅರಿವೆ ಅರಿವೆಗೇ ಅಂಟಿತ್ತು, ತಪ್ಪು ನಿನ್ನದಲ್ಲ ಎಂದೆ. ಅವನು ನಕ್ಕ.

“ನೀ ಇನ್ನೂ ಹಂಗ ಅದೀಯಲ್ಲೋ ವಕೀಲ! ಗಂಟು ನಂದ. ತಪ್ಪೂ ನಂದ.”

“ದಾರ ಸಡ್ಲ ಆಗಿದ್ದು ನಾ ನೋಡೇನಿ ಅಂತ ಹೇಳಾಕತ್ತೇನಿ.”

“ನೀ ನೋಡಿರಬಹುದು. ಮಾಸ್ತರ ಸುಮ್ ಸುಮ್ನ ಹೊಡಿಯೋ ಮನುಷ್ಯಾ ಅಲ್ಲ.” ನೆಲ ನೋಡುತ್ತ ಹೇಳಿದ: “ಪಂದ್ರಾ ಆಗಸ್ಟ ಬಂದ್ರ ನಾ ನಮ್ಮೂರ ಸಾಲಿ ಕಡೆ ಹಾಯೂದಿಲ್ಲ. ಹೊಲದಾಗ ಇರ್ತೇನಿ. ಬಾವುಟಕ್ಕ ಅಪಮಾನ ಮಾಡಿದ ಕೈ ಇದು... ಅವರ ಬಂದು ನಿಂದಲ್ಲ ಅಂದ್ರ ನಂಬತಿದ್ದೆ. ನೀ ಅಂದ್ರ ಹೆಂಗ ನಂಬಲಿ?”

ಕಿವಿ ಹೋದದ್ದು ನನಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ.

ಮರುದಿನ ಸವಣೂರಿಗೆ ಹೋದೆ. ಮಾಸ್ತರರ ಹೆಂಡತಿ ಪಡಸಾಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದರು. ಅವರ ಶಿಷ್ಯ ಎಂದೆ. “ನೀನೂ ಬಡಿಸಿಕೊಂಡಾಂವೇನಪಾ? ಬಂದವ್ರೆಲ್ಲಾ ಅದನ್ನ ಹೇಳ್ತಾರ. ಬಡಿಸ್ಕೊಂಡ್ವಿ, ಉದ್ಧಾರ ಆದ್ವಿ ಅಂತ.”

“ನಾ ಇನ್ನೂ ಉದ್ಧಾರ ಆಗಿಲ್ರಿ, ಅವ್ವಾರ.”

ಅವರು ನಕ್ಕರು; ಕೂಡು ಎಂದರು. ಬಾವುಟದ ಗಂಜಿಯ ಮಾತು ತೆಗೆದೆ. ಅವರಿಗೆ ಚೆನ್ನಾಗಿ ನೆನಪಿತ್ತು. “ಬಿಸಿಲಿಲ್ಲ, ಬ್ಯಾಡ್ರಿ ಅಂತ ಬಡಕೊಂಡೆ. ಕೇಳಬೇಕಲ್ಲ! ದಪ್ಪ ಗಂಜಿನೇ ಆಗಬೇಕು ಅಂದ್ರು. ಬೆಳಿಗ್ಗೆ ಹಸೀದನ್ನ ಚೀಲಕ್ಕ ಹಾಕ್ಕೊಂಡು ಹೋದ್ರು.” ಬತ್ತಿ ಹೊಸೆಯುತ್ತಲೇ ಮುಂದುವರಿಸಿದರು: “ಸಂಜೀಕ ಅದನ್ನ ಮನೀಗೆ ತಂದು ತಾವ ಬಾವೀ ಕಟ್ಟಿ ಮ್ಯಾಲೆ ಕೂತು ಒಗದ್ರು ನೋಡು. ನನ್ನ ಕೈ ಹಚ್ಚಗೊಡಲಿಲ್ಲ. ಅವತ್ತ ಊಟಾನೂ ಮಾಡಲಿಲ್ಲ.”

 ಅವರು ಉಪವಾಸ ಮಲಗಿದ್ದು ಬಾವುಟಕ್ಕಾದ ಅವಮಾನಕ್ಕೋ, ಆ ಹುಡುಗನಿಗಾಗಿಯೋ? ಗಂಜಿ ತೊಳೆದದ್ದು ಕೊಳೆ ಹೋಗಲೆಂದೋ, ಗುರುತು ಹೋಗಲೆಂದೋ? ಪಾಟೀಸವಾಲಿಗೆ ನಿಲ್ಲಬೇಕಾದವರು ಒಬ್ಬರೇ, ಅವರೀಗ ಇಲ್ಲ. ಗೋಡೆಯ ಮೇಲೆ ಅವರ ಟೊಪ್ಪಿಗೆ ಗೂಟಕ್ಕೆ ತೂಗುತ್ತಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಂಡೇ ಹೋಗಿದ್ದೆ. ಆದರೂ ನನ್ನನ್ನು ಮೊದಲ ಸಲ ‘ಹೇಳು’ ಎಂದು ಕೇಳಿದವರು ಅವರು. ಈಗ ಹೇಳಬಲ್ಲೆ, ಕೇಳಲು ಅವರಿಲ್ಲ.

ನಾನು ಒಂದೇ ಒಂದು ಮಾತು ಕೇಳಿದೆ. ಅದನ್ನು ಕೇಳಿ ಮಾಸ್ತರರ ಹೆಂಡತಿ ಬತ್ತಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಬಹಳ ಹೊತ್ತು ಕೂತೆ, ಹೊರಗೆ ಬರಲಿಲ್ಲ. ದುಂಡಸಿಯ ಹೊಲದಲ್ಲಿ ಒಬ್ಬ ಇದರ ಉತ್ತರಕ್ಕಾಗಿ ಕಾದಿದ್ದಾನೆ, ಕಾಯುತ್ತಿದ್ದೇನೆಂದು ಅವನಿಗೇ ಗೊತ್ತಿಲ್ಲ. ಆದ್ದರಿಂದ ಅದೇ ಮಾತನ್ನು ಇಲ್ಲಿ ಇನ್ನೊಮ್ಮೆ ಕೇಳುತ್ತೇನೆ: ಅವ್ವಾರ, ಬಾವೀ ಕಟ್ಟಿ ಮ್ಯಾಲೆ ಆ ಬಾವುಟ ನೆನಸೂಕಿಂತ ಮೊದಲ, ಅದಕ್ಕ ಅಂಟಿದ್ದ ಹಸೀ ಗಂಜಿ ನೋಡಿ, ತಪ್ಪು ಹುಡುಗಂದಲ್ಲ ಅಂತ ಅವರಿಗೆ ಗೊತ್ತಾಗಿತ್ತೇನ್ರಿ?