ಸಾಂಬ್ರಾದಲ್ಲಿ ಆಯಿಯ ಪೂಜೆ

೧೯೮೩ರ ಶ್ರಾವಣದ ಒಂದು ಸೋಮವಾರ, ಬೆಳಗಾವಿಯ ಸಾಂಬ್ರಾ ನಿಲ್ದಾಣದಿಂದ ಬೆಳಿಗ್ಗೆ ಹತ್ತಕ್ಕೆ ಮುಂಬೈಗೆ ಹೊರಡಬೇಕಿದ್ದ ವಿಮಾನ ಮಧ್ಯಾಹ್ನ ನಾಲ್ಕೂವರೆಗೆ ಹೊರಟಿತು. ಅದರಲ್ಲಿ ನಾನೂ ನನ್ನ ಆಯಿಯೂ ಇದ್ದೆವು. ನನಗೆ ಹನ್ನೊಂದು ವರ್ಷ. ಆಯಿ ನಮ್ಮ ಅಪ್ಪನ ತಾಯಿ. ವಯಸ್ಸು ಕೇಳಿದರೆ ಎಪ್ಪತ್ತರ ಮೇಲೆ ಎಷ್ಟೋ ಎನ್ನುತ್ತಿದ್ದಳು.

ಆ ದಿನಗಳಲ್ಲಿ ಹುನಗುಂದದ ಮೇಲೆ ವಿಮಾನದ ಸದ್ದು ಕೇಳಿದರೆ ನಮ್ಮ ಓಣಿಯ ಕುಂಟಾಟ ನಿಲ್ಲುತ್ತಿತ್ತು. ಒಂಟಿಗಾಲಲ್ಲಿ ನಿಂತವರು ಹಾಗೆಯೇ ನಿಂತು, ಹಣೆಗೆ ಕೈ ಅಡ್ಡ ಇಟ್ಟು, ಅದು ಚುಕ್ಕಿಯಾಗುವವರೆಗೆ ನೋಡುತ್ತಿದ್ದೆವು. ಅದರೊಳಗೆ ಮನುಷ್ಯರಿರುತ್ತಾರೆ ಎಂದು ಗೊತ್ತಿತ್ತು. ನಮ್ಮ ಓಣಿಯವರೂ ಇರಬಹುದೆಂದು ಯಾರೂ ಎಣಿಸಿರಲಿಲ್ಲ.

ಶನಿವಾರ ತಂತಿ ಬಂದಿತ್ತು. ಮುಂಬೈಯಲ್ಲಿದ್ದ ಶಾಂತತ್ತೆ, ಆಯಿಯ ಒಬ್ಬಳೇ ಮಗಳು, ಹೃದಯದ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದಳು. ಮಂಗಳವಾರ ಬೆಳಿಗ್ಗೆ ಏಳಕ್ಕೆ ಆಪರೇಷನ್. ಅದಕ್ಕೆ ಮುಂಚೆ ಅವ್ವನನ್ನು ಒಮ್ಮೆ ನೋಡಬೇಕೆಂದು ಹೇಳಿಸಿದ್ದಳು. ಅತ್ತೆಯ ಗಂಡ ತಮ್ಮ ಕಂಪನಿಯ ಬೆಳಗಾವಿ ಶಾಖೆಯವರಿಗೆ ಹೇಳಿ ಒಂದು ಪೂರ್ತಿ, ಒಂದು ಅರ್ಧ ಟಿಕೆಟ್ ತೆಗೆಸಿದ್ದರು. ನನ್ನ ಅವ್ವ ಹನ್ನೆರಡು ದಿನದ ಬಾಣಂತಿ, ಅಪ್ಪ ಮನೆ ಬಿಡುವಂತಿರಲಿಲ್ಲ. ಶಾಲೆಯಲ್ಲಿ ಹಿಂದಿ ಕಲಿಯುತ್ತಿದ್ದೆನೆಂದು ಆಯಿಯ ಜೊತೆಗೆ ನನ್ನನ್ನು ಗೊತ್ತು ಮಾಡಿದರು.

ಭಾನುವಾರ ಬಾಗಲಕೋಟೆಯಲ್ಲಿ ಬಸ್ಸು ಬದಲಿಸಿ ಬೆಳಗಾವಿಗೆ ಹೋದೆವು. ಅಪ್ಪ ನಿಲ್ದಾಣದವರೆಗೆ ಬಂದಿದ್ದರು. ಆಯಿಯ ಗಂಟಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅತ್ತೆಗೆಂದು ಮಾಡಿದ ಮಾದಲಿ. ದಾರಿಯುದ್ದಕ್ಕೂ ಬೆಲ್ಲ, ಏಲಕ್ಕಿಯ ವಾಸನೆ ನನ್ನ ಮಡಿಲಲ್ಲೇ ಇತ್ತು.

ಸೋಮವಾರ ಬೆಳಿಗ್ಗೆ ಸಾಂಬ್ರಾದಲ್ಲಿ ಜಿಟಿಜಿಟಿ ಮಳೆ. ಒಳಗೆ ಒಂದು ಮೇಜು, ಅದರ ಹಿಂದೆ ಅಧಿಕಾರಿ. ಪಕ್ಕದಲ್ಲಿ ಪರದೆ ಕಟ್ಟಿ, ಹೆಂಗಸರ ತಪಾಸಣೆಗೆ ಒಬ್ಬ ಮಹಿಳಾ ಪೇದೆಯನ್ನು ನಿಲ್ಲಿಸಿದ್ದರು. ಆಕೆಯ ಕೈ ಆಯಿಯ ಸೆರಗಿನ ಕೆಳಗೆ ಗಟ್ಟಿಯಾದದ್ದೊಂದಕ್ಕೆ ತಾಗಿತು. ಅದು ಬಿಳಿ ಬಟ್ಟೆಯಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡ ಬೆಳ್ಳಿಯ ಕರಡಿಗೆ. ಒಳಗೆ ಇಷ್ಟಲಿಂಗ. ಕೊರಳಿಗೆ ಬಂದ ಲಿಂಗ ಜೀವ ಇರುವವರೆಗೆ ಮೈ ಬಿಡಬಾರದೆಂಬುದು ಆಯಿಯ ನೇಮ. ತೆಗೆದು ಮೇಜಿನ ಮೇಲಿಡಲು ಅಧಿಕಾರಿ ಹಿಂದಿಯಲ್ಲಿ ಹೇಳಿದರು.

“ಮೇಜಿನ ಮ್ಯಾಲ ಇಡಬೇಕಂತ, ಆಯಿ.”

“ಲಿಂಗ ಮೈ ಬಿಡೂದಿಲ್ಲಂತ ಹೇಳು.”

ಅಷ್ಟು ಹಿಂದಿ ನನಗೆ ಬರುತ್ತಿರಲಿಲ್ಲ. “ಯೇ ಭಗವಾನ್ ಹೈ” ಎಂದೆ. ಅಧಿಕಾರಿ ಒರಟು ಮನುಷ್ಯರಲ್ಲ. ಭಗವಾನ್ ಇದ್ದರೂ ಡಬ್ಬಿ ತೆರೆದು ನೋಡಲೇಬೇಕು, ಆದೇಶ ಹಾಗಿದೆ ಎಂದರು. ವಿಮಾನ ಅಪಹರಣಗಳ ಸುದ್ದಿ ಬರುತ್ತಿದ್ದ ಕಾಲವದು. ಅಪ್ಪ ಕಟ್ಟಿಗೆಯ ಕಟಕಟೆಯ ಆಚೆಯಿಂದ ಬಗ್ಗಿ ಕರೆದರು.

“ಅವ್ವಾ, ಒಂದ ನಿಮಿಷ ತಗದ ಕೊಡು. ಯಾರೂ ನೋಡೂದಿಲ್ಲ.”

“ನೀ ನೋಡಾಕತ್ತಿಯಲ್ಲೋ.”

ಅಪ್ಪ ಹಿಂದೆ ಸರಿದರು. ಅಧಿಕಾರಿ ನಮ್ಮಿಬ್ಬರನ್ನು ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ಕರಡಿಗೆ ತೋರಿಸದಿದ್ದರೆ ಹತ್ತಿಸುವುದಿಲ್ಲ ಎಂಬುದು ಕೊನೆಯ ಮಾತು. ಆಯಿ ಬೆಂಚಿನ ಮೇಲೆ ಕಾಲು ಮಡಚಿ ಕೂತು ಕಣ್ಣು ಮುಚ್ಚಿದಳು.

ಹತ್ತಕ್ಕೆ ಪ್ರಕಟಣೆ ಬಂತು. ಮೋಡ ಕವಿದಿದೆ, ಮುಂಬೈಯಿಂದ ವಿಮಾನ ಹೊರಟಿಲ್ಲ. ಹನ್ನೊಂದಕ್ಕೂ ಅದೇ ಮಾತು, ಹನ್ನೆರಡಕ್ಕೂ ಅದೇ. ಪ್ರಯಾಣಿಕರು ಕೌಂಟರಿನವರ ಮೇಲೆ ಕೂಗಾಡಿದರು. ಅರಿವೆ ವ್ಯಾಪಾರಿಯೊಬ್ಬರು ಎಲ್ಲರಿಗಿಂತ ಜೋರಾಗಿದ್ದರು.

“ಬಸ್ಸಿಗೆ ಹೋಗಿದ್ರ ಇಷ್ಟೊತ್ತಿಗೆ ಕೊಲ್ಹಾಪುರ ದಾಟತಿದ್ದೆ!”

“ಹೋಗಬೇಕಿತ್ತಪಾ,” ಎಂದಳು ಆಯಿ ಕಣ್ಣು ಬಿಡದೆ. “ನಿನ್ನ ಯಾರ ಕಟ್ಟಿಹಾಕ್ಯಾರ?”

ಸುತ್ತಲಿನವರು ನಕ್ಕರು. ವ್ಯಾಪಾರಿ ನಮ್ಮ ಕಡೆ ತಿರುಗಿದರು. “ನಿಮಗ ಸಿಟ್ಟ ಬರೂದಿಲ್ಲೇನ್ರಿ, ಅಮ್ಮಾರ?”

“ಇನ್ನೊಂದೀಟ ತಡಾ ಆಗಲಿ ಅಂತ ನಾನ ಬೇಡ್ಕೊಳ್ಳಾಕತ್ತೇನಿ.”

“ಹಂಗಾರ ಇದು ನಿಮ್ಮ ಕೆಲಸ ಅನ್ರಿ!”

ಏನಾದರೂ ದಾರಿ ಸಿಗುವ ಮೊದಲೇ ವಿಮಾನ ಹೊರಟುಬಿಡಬಾರದೆಂದು ಆಯಿ ಬೇಡಿಕೊಂಡದ್ದು ಹೌದು. ಆದರೆ ತಡವಾದಷ್ಟೂ ಅತ್ತೆಯ ಸಮಯ ಕರಗುತ್ತಿತ್ತು. ರೈಲಿನಲ್ಲಿ ಹೋದರೆ ಮುಂಬೈ ಮುಟ್ಟುವುದು ಮರುದಿನ ಹನ್ನೊಂದಕ್ಕೆಂದು ಅಪ್ಪ ವಿಚಾರಿಸಿ ಬಂದು ಹೇಳಿದರು. ಆಯಿ ಮಾದಲಿಯ ಗಂಟನ್ನು ಬಿಚ್ಚಿ, ಮತ್ತೆ ಬಿಗಿಯಾಗಿ ಕಟ್ಟಿದಳು.

ಎರಡು ಗಂಟೆಯ ಸುಮಾರಿಗೆ ಆ ಪೇದೆ ನಮ್ಮ ಬೆಂಚಿನ ತುದಿಗೆ ಬಂದು ಕೂತಳು. ಇಪ್ಪತ್ತೈದರ ಒಳಗಿನ ಹುಡುಗಿ.

“ಉಂಡಿಯೇನ ತಂಗಿ?” ಆಯಿ ಕೇಳಿದಳು.

“ಇಲ್ರೀ. ಮುಂಜಾನೆ ಆರಕ್ಕ ಬಂದೇನಿ, ನನ್ನ ಬದಲಿ ಇನ್ನೂ ಬಂದಿಲ್ಲ.”

“ತಗೋ, ರೊಟ್ಟಿ ಐತಿ. ನಿನ್ನ ಮ್ಯಾಲ ನಂದೇನ ಸಿಟ್ಟಿಲ್ಲ.”

ಹುಡುಗಿ ರೊಟ್ಟಿ ಮುರಿದು ಚಟ್ನಿಗೆ ಒತ್ತಿ ತಿಂದಳು. ತನ್ನದು ಬಾದಾಮಿ ಹತ್ತಿರದ ಚೊಳಚಗುಡ್ಡ, ತಮ್ಮದು ಬೀರಪ್ಪನ ಒಕ್ಕಲು, ಮನೆಯಲ್ಲಿ ಲಿಂಗ ಕಟ್ಟುವವರಿಲ್ಲ ಎಂದಳು. ತಿನ್ನುತ್ತಲೇ ಆಯಿಯ ಕೊರಳನ್ನು ನೋಡುತ್ತಿದ್ದಳು.

“ಸಂಜಿಪೂಜಿ ಮಾಡ್ತೀರೇನ್ರಿ, ಆಯಿ?”

“ದಿನಾ. ದೀಪ ಹಚ್ಚೂ ಹೊತ್ತಿಗೆ.”

“ನಮ್ಮ ಬಾಜೂ ಮನಿ ಗೌಡಶಾನಿ ಮಾಡೂದ ನೋಡೇನ್ರಿ. ಆವಾಗ ಲಿಂಗ ಅಂಗೈಯಾಗ ಇರತೈತಿ, ಹೌದಲ್ರಿ?”

“ಅಂಗೈಯಾಗ. ಮತ್ತೆಲ್ಲಿ?”

“ಕರಡಿಗಿ?”

“ತಗದ ಬಾಜೂಕ ಇಟ್ಟಿರತೇನಿ.”

ಹುಡುಗಿ ಅಗಿಯುವುದನ್ನು ನಿಲ್ಲಿಸಿದಳು. “ಅಂಗೈ ಅಂದ್ರ ಮೈನ ಅಲ್ರಿ, ಆಯಿ?”

ಆಯಿ ಅವಳ ಮುಖವನ್ನೇ ನೋಡಿದಳು. “ಅಯ್ಯ ನಮ್ಮವ್ವ! ಇದು ಮುಂಜಾನೆ ಯಾಕ ಹೊಳಿಲಿಲ್ಲ?”

“ಸಾಲು ಹಚ್ಚಿ ನಿಂತಾಗ ಯಾರಿಗೆ ಹೊಳಿತೈತ್ರಿ? ಇವತ್ತೊಂದ ದಿನ ಪೂಜಿ ಲಗೂ ಮಾಡ್ರಿ.”

ಅವಳು ಹೋಗಿ ಅಧಿಕಾರಿಗೆ ಹೇಳಿದಳು. ಅವರು ಸ್ವಲ್ಪ ಯೋಚಿಸಿ ತಲೆಯಾಡಿಸಿದರು. ಎಲ್ಲಿಂದಲೋ ಒಂದು ತಂಬಿಗೆ ನೀರು ಬಂತು. ಪರದೆಯ ಹಿಂದೆ ಆಯಿ ನೆಲಕ್ಕೆ ತನ್ನ ಚಾದರ ಹಾಸಿ ಕೂತಳು, ಕೈಕಾಲು ಮುಖಕ್ಕೆ ನೀರು ಹಚ್ಚಿಕೊಂಡಳು, ಹಣೆಗೆ ವಿಭೂತಿ ಧರಿಸಿದಳು. ಕರಡಿಗೆ ಬಿಚ್ಚಿ ಲಿಂಗವನ್ನು ಎಡಗೈಗೆ ತೆಗೆದುಕೊಂಡಳು. ಖಾಲಿ ಕರಡಿಗೆಯನ್ನು ಹುಡುಗಿ ಎರಡೂ ಕೈಯಲ್ಲಿ ಹಿಡಿದು ಮೇಜಿಗೆ ಒಯ್ದಳು. ಅಧಿಕಾರಿ ಅದರ ಒಳಹೊರಗು ನೋಡಿದರು. ಆಮೇಲೆ ಬೂಟು ಕಳಚಿ, ಪರದೆ ಸರಿಸಿ, ಎರಡು ಹೆಜ್ಜೆ ದೂರದಲ್ಲೇ ನಿಂತು ಆಯಿಯ ಅಂಗೈ ನೋಡಿದರು. ನಮ್ಮ ಗಂಟಿನ ಚೀಟಿಗೆ ಮುದ್ರೆ ಬಿತ್ತು. ಆಯಿ ಪೂಜೆ ಮುಗಿಸಿ ಎದ್ದಾಗ ಮೂರೂಕಾಲು. ನಾಲ್ಕಕ್ಕೆ ವಿಮಾನ ಇಳಿಯಿತು.

ಹತ್ತುವಾಗ ಆಯಿ ಹಿಂತಿರುಗಿ ಆ ಹುಡುಗಿಯ ಗಲ್ಲ ಸವರಿ ನೆಟಿಗೆ ಮುರಿದಳು. ವ್ಯಾಪಾರಿ ನಮ್ಮ ಗಂಟು ಹೊತ್ತು ತಂದರು. ಆ ಹುಡುಗಿಯ ಹೆಸರು ಕೇಳುವುದು ನಮಗೆ ನೆನಪಾಗಲಿಲ್ಲ.

ಏಳೂವರೆಗೆ ಆಸ್ಪತ್ರೆ ಮುಟ್ಟಿದೆವು. ಅತ್ತೆ ಎಚ್ಚರವಾಗಿದ್ದಳು.

“ವಿಮಾನದಾಗ ಬಂದ್ಯಾ, ಯವ್ವಾ? ಅಂಜಿಕಿ ಬರಲಿಲ್ಲ?”

“ಮ್ಯಾಲ ಏನ ಅಂಜಿಕಿ, ತಂಗಿ? ಇದ್ದದ್ದೆಲ್ಲಾ ಕೆಳಗ.”

ಅತ್ತೆ ನಕ್ಕಳು. ಮಾದಲಿ ತಿನ್ನಲು ಡಾಕ್ಟರು ಬಿಡಲಿಲ್ಲ. ಗಂಟನ್ನು ಮೂಗಿನ ಹತ್ತಿರ ಹಿಡಿದು ವಾಸನೆ ತೆಗೆದುಕೊಂಡಳು. ಅವಳಿಗೆ ನಿದ್ದೆ ಬರುವವರೆಗೆ ಆಯಿ ಅಂಗಾಲು ತಿಕ್ಕುತ್ತಾ ಕೂತಳು. ಮರುದಿನ ಆಪರೇಷನ್ ಆಯಿತು. ಆಮೇಲೆ ಅತ್ತೆ ಹತ್ತೊಂಬತ್ತು ವರ್ಷ ಬದುಕಿದಳು.

ಮುಂದಿನ ಬೇಸಿಗೆಯಲ್ಲಿ ಆಯಿ ಒಂದು ಇಲಕಲ್ ಸೀರೆ ಕೊಂಡು, ಅಪ್ಪನನ್ನು ಕರೆದುಕೊಂಡು ಚೊಳಚಗುಡ್ಡಕ್ಕೆ ಹೋದಳು. ‘ಪೊಲೀಸ ಹುಡುಗಿ’ ಎಂದ ಕೂಡಲೇ ಮನೆ ತೋರಿಸಿದರು. ಹೆಸರು ಮಾಳವ್ವ ಎಂದು ಆಗ ತಿಳಿಯಿತು. ಅವಳಿಗೆ ದೂರದ ಊರಿಗೆ ವರ್ಗವಾಗಿತ್ತು. ಆಯಿ ಸೀರೆಯನ್ನು ಅವಳ ತಾಯಿಯ ಕೈಗೆ ಕೊಟ್ಟು ಬಂದಳು. ಆಯಿ ಅದೇ ವರ್ಷ ದೀಪಾವಳಿಯ ನಂತರ ತೀರಿಕೊಂಡಳು. ಮಾಳವ್ವನನ್ನು ನಮ್ಮಲ್ಲಿ ಯಾರೂ ಮತ್ತೆ ಕಾಣಲಿಲ್ಲ.

ಕಳೆದ ವರ್ಷ ಸಾಂಬ್ರಾದಿಂದ ಮುಂಬೈಗೆ ಹೋದೆ. ನನ್ನ ಕೊರಳಿನ ಕರಡಿಗೆಯನ್ನು ಲಿಂಗದ ಸಮೇತ ತೆಗೆದು ಮೊಬೈಲು, ಕೈಗಡಿಯಾರದ ಜೊತೆ ಟ್ರೇಯಲ್ಲಿ ಇಟ್ಟೆ. ಅದು ಯಂತ್ರದೊಳಗೆ ಹೋಗಿ ಆಚೆ ಬಂತು. ಯಾರೂ ಏನೂ ಕೇಳಲಿಲ್ಲ. ವಿಮಾನ ಸಮಯಕ್ಕೆ ಸರಿಯಾಗಿ ಹೊರಟಿತು.