ಅತ್ತೆಯ ಡಬ್ಬಿಗಳಿಗೆ ಹೆಸರು ಬರೆದದ್ದು

ಇವತ್ತು ಬೆಳಿಗ್ಗೆ ಸಾಸಿವೆ ಡಬ್ಬಿ ತಿಕ್ಕುತ್ತಿದ್ದಾಗ ಕಾಗದದ ಒಂದು ಚೂರು ಬೆರಳಿಗೆ ತಗುಲಿತು. ಉಗುರಿನಿಂದ ಕೆರೆದರೂ ಬಿಡಲೊಲ್ಲದು. ಅದರ ಮೇಲೆ ‘ಸಾ’ ಅಂತ ನನ್ನದೇ ಅಕ್ಷರ. ಕಾನ್ವೆಂಟಿನಲ್ಲಿ ಸಿಸ್ಟರ್ ಎಲ್ಲರಿಗೂ ಎತ್ತಿ ತೋರಿಸುತ್ತಿದ್ದ ದುಂಡನೆಯ ಅಕ್ಷರ. ನಗು ಬಂತು. ನೀವೂ ನಗಲೆಂದು ಹೇಳುತ್ತೇನೆ.

ಎರಡು ವರ್ಷದ ಹಿಂದೆ ನಮ್ಮ ಅತ್ತೆ ಒಂದೇ ಬೇಳೆಗೆ ಎರಡು ಸಲ ಉಪ್ಪು ಹಾಕತೊಡಗಿದರು. ಒಮ್ಮೆ ಸಿಂದಗಿ ಬಸ್ ಸ್ಟ್ಯಾಂಡಿನ ಎದುರೇ ಮನೆಯ ದಾರಿ ಮರೆತು ನಿಂತರು. ವಿಜಯಪುರಕ್ಕೆ ಕರೆದೊಯ್ದೆವು. ಡಾಕ್ಟರು ಸ್ಕ್ಯಾನಿನ ಚಿತ್ರ ಬೆಳಕಿಗೆ ಹಿಡಿದು, ಅಲ್ಜೈಮರ್ ಈಗಷ್ಟೇ ಶುರುವಾಗಿದೆ, ಜೊತೆಗೆ ಮೆದುಳಿನ ಕೂದಲೆಳೆಯಂಥ ರಕ್ತನಾಳಗಳು ಗಡುಸಾಗತೊಡಗಿವೆ, ರಕ್ತ ಮೊದಲಿನಂತೆ ಎಲ್ಲ ಕಡೆ ಮುಟ್ಟುತ್ತಿಲ್ಲ ಎಂದರು.

ನಾನು ಅತ್ತೆಗೆ ತಿಳಿಯುವಂತೆ ಹೇಳಿದೆ: “ಮೋರಟಗಿ ಹೊಲದಾಗಿನ ಕಬ್ಬಿಗೆ ಡ್ರಿಪ್ ಪೈಪ್ ಹಾಕೇವಲ್ರಿ ಅತ್ತಿ, ಹಂಗ. ದೊಡ್ಡ ಪೈಪ್ ಚಲೋ ಐತಿ, ಸಣ್ಣವು ಕಟ್ಟಾಕತ್ತಾವಂತ.”

“ಹಂಗಾರ ಈಗ ಗೊತ್ತಾಗಿದ್ದ ಚಲೋ ಆತು,” ಎಂದರು ಅತ್ತೆ. “ಬೆಳಿ ಒಣಗಿದ ಮ್ಯಾಲ ಪೈಪ್ ನೋಡವ ಎಂಥಾ ರೈತ?”

ಡಾಕ್ಟರು ನಕ್ಕು ಮೂರು ಮಾತು ಹೇಳಿದರು. ಬಿ.ಪಿ. ಹತೋಟಿಯಲ್ಲಿರಲಿ. ದಿನಾ ನಡೆದಾಡಲಿ. ಅವರ ಕೆಲಸ ಅವರ ಕೈಯಿಂದ ಕಸಿಯಬೇಡಿ. ಮೊದಲೆರಡನ್ನು ಪುಸ್ತಕದಲ್ಲಿ ಬರೆದುಕೊಂಡೆ. ಮೂರನೆಯದನ್ನು ಹೇಳುವಾಗ ನಾನು ಸ್ಕೇಲು ಹಿಡಿದು ಎರಡನೆಯದರ ಕೆಳಗೆ ಗೆರೆ ಎಳೆಯುತ್ತಿದ್ದೆ.

ಮನೆಗೆ ಬಂದವಳೇ ಅತ್ತೆಗೆ ನೆರವಾಗಲೆಂದು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೊಳೆದು, ಚೀಟಿ ಅಂಟಿಸಿ, ಅಕ್ಷರಮಾಲೆಯ ಪ್ರಕಾರ ಹಲಗೆಯ ಮೇಲೆ ಜೋಡಿಸಿ, ಹಿಡಿಸದ ಕೊನೆಯವನ್ನು ಅಟ್ಟಕ್ಕೆ ಏರಿಸಿದೆ. ಅಜವಾನ, ಅರಿಶಿಣ, ಎಳ್ಳು, ಕೊತ್ತಂಬರಿ, ಗುರೆಳ್ಳು... ಸೊಂಟದ ಮೇಲೆ ಕೈಯಿಟ್ಟು ನೋಡಿದೆ. ನನಗೆ ನಾನೇ ಬಹುಮಾನ ಕೊಟ್ಟುಕೊಳ್ಳುವಷ್ಟು ಚಂದ ಇತ್ತು.

ಮರುದಿನ ಚಹಾದಲ್ಲಿ ಸಕ್ಕರೆಯ ಬದಲು ರವೆ ಬಿತ್ತು. ಅದರ ಮರುದಿನ ಬೇಳೆಗೆ ಹಿಡಿ ಮೆಂತ್ಯ. ಮೂರನೆಯ ದಿನ ಅತ್ತೆ ಹಲಗೆ ಹಿಡಿದು ನಿಂತು, “ಇದು ಯಾರ ಮನಿಯವಾ?” ಎಂದು ಕೇಳಿದರು. ರೋಗ ಇಷ್ಟು ಬೇಗ ಏರಿತೇ?

“ನೀವು ಕೂತ್ಕೋರಿ ಅತ್ತಿ. ಇನ್ನ ಅಡಗಿ ನಾ ನೋಡ್ಕೋತೇನಿ.”

ಅತ್ತೆ ಹೊರಗಿನ ಕಟ್ಟೆಯ ಮೇಲೆ ಕೂತರು. ನಾಲ್ಕು ದಿನ ನನ್ನನ್ನು ಬೈಯಲೇ ಇಲ್ಲ. ಬೈಯದ ಅತ್ತೆಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ.

ಐದನೆಯ ದಿನ ಪಕ್ಕದ ಮನೆಯ ಮಾಬೂಬಿ ಖಾಲಾ ಬಂದರು. ಅತ್ತೆಯ ನಲವತ್ತು ವರ್ಷದ ಗೆಳತಿ. ಯಾವತ್ತಿನಂತೆ ನೇರ ಅಡುಗೆಮನೆಗೇ ನುಗ್ಗಿದವರು ಹಲಗೆ ನೋಡಿ ನಿಂತುಬಿಟ್ಟರು.

“ಇದನ್ನ ಯಾರವಾ ಹಿಂಗ ಮಾಡಿದವರು?”

“ನಾನ ರೀ ಖಾಲಾ. ಅತ್ತಿಗೆ ಸಲೀಸ್ ಆಗಲಿ ಅಂತ ಹೆಸರು ಬರದೇನಿ.”

“ನಿಮ್ಮತ್ತಿ ಸಾಲಿ ಕಟ್ಟಿ ಹತ್ಯಾಳೇನ? ಅಕಿ ಕೈ ಜಾಗಾ ಹಿಡದು ಹೋಗತೈತಿ, ಮೂಗು ವಾಸ್ನಿ ಹಿಡದು. ನೀ ಜಾಗಾನೂ ಬದ್ಲಿ ಮಾಡಿದಿ. ಭಾಳ ಶಾಣ್ಯಾಕಿ ನೋಡು!”

ಇಪ್ಪತ್ತು ವರ್ಷ ಜೊತೆಗಿದ್ದು, ಅತ್ತೆಗೆ ಓದು ಬಾರದೆಂಬುದನ್ನೇ ಮರೆತಿದ್ದೆ! ಸ್ಕ್ಯಾನಿಗೆ ಮಲಗಬೇಕಾದವಳು ನಾನು.

“ಅಕ್ಕಾ, ಬಾ ಇಲ್ಲಿ. ಯಾವುದು ಎಲ್ಲಿತ್ತು?” ಎಂದು ಖಾಲಾ ಕೂಗಿದರು. ಅತ್ತೆ ಬಂದರು. ಒಂದೊಂದೇ ಡಬ್ಬಿ ತೆರೆದು ಮೂಸಿ, ಕೈ ಹೋದಲ್ಲಿ ಇಟ್ಟರು. ಅರ್ಧ ಮುಗಿಯುವಷ್ಟರಲ್ಲಿ ಶುರುವಾಯಿತು: “ಸಾಸಿವಿ ಯಾರರೆ ಅಟ್ಟದ ಮ್ಯಾಲ ಇಡ್ತಾರೇನ? ನಾ ಏಣಿ ಹಾಕ್ಕೊಂಡು ಒಗ್ಗರಣಿ ಕೊಡ್ಲ್ಯಾ?” ಆ ಬೈಗುಳ ಕಿವಿಗೆ ಎಷ್ಟು ತಂಪಾಗಿತ್ತೆಂದರೆ, ಖಾಲಾ ಮತ್ತು ನಾನು ಬಿದ್ದು ಬಿದ್ದು ನಕ್ಕೆವು.

ರೋಗ ಹೋಗಿಲ್ಲ, ಹೋಗುವುದೂ ಇಲ್ಲ. ಮೊಮ್ಮಕ್ಕಳ ಹೆಸರುಗಳು ಅದಲುಬದಲಾಗುತ್ತವೆ. ಆದರೆ ಗೆಳತಿಯರಿಬ್ಬರೂ ದಿನಾ ಬೆಳಿಗ್ಗೆ ಬಸ್ ಸ್ಟ್ಯಾಂಡಿನವರೆಗೆ ನಡೆಯುತ್ತಾರೆ. ಯಾರಾದರೂ ಎಲ್ಲಿಗೆಂದು ಕೇಳಿದರೆ, “ಪೈಪಿಗೆ ನೀರು ಬಿಡಾಕ ಹೊಂಟೇವಿ,” ಎನ್ನುತ್ತಾರೆ.

ಈಗಷ್ಟೇ ಮಜ್ಜಿಗೆಗೆ ಒಗ್ಗರಣೆ ಕೊಡುವಾಗ ಅತ್ತೆಯ ಕೈ ಗಾಳಿಯಲ್ಲಿ ನಿಂತಿತು. ಏನು ಬೇಕೆಂಬುದೇ ಹಾರಿಹೋಗಿತ್ತು. ನಾನು ಅವಸರ ಮಾಡಲಿಲ್ಲ. ಒಂದು ಡಬ್ಬಿ ತೆರೆದು ಅವರ ಮೂಗಿನ ಹತ್ತಿರ ಹಿಡಿದೆ.

“ಇದು ಅಜವಾನ,” ಎಂದರು ಅತ್ತೆ, ಮುಖ ಅರಳಿಸಿ. “ಮಜ್ಜಿಗಿಗೆ ಜೀರಗಿ ಹಾಕ್ತಾರ. ಇಷ್ಟು ವರ್ಷ ಆದ್ರೂ ಕಲೀಲಿಲ್ಲ ನೀ. ಸರಿ ಅತ್ಲಾಗ!”

ಸರಿದು ನಿಂತೆ. ಒಲೆ ಅವರದು.