ಎದುರಿಗೆ ಹೊಗಳದ ಮರುಳಸಿದ್ದಪ್ಪ

ಕಂಪ್ಲಿಯ ಬಜಾರಿನಲ್ಲಿ ಭತ್ತ ಕೊಳ್ಳುವ ಮರುಳಸಿದ್ದಪ್ಪನ ಅಂಗಡಿಯ ಎದುರಿಗೇ ನನ್ನ ಗೋಣಿಚೀಲದ ಅಂಗಡಿ. ಅವನು ಭತ್ತ ಕೊಂಡರೆ ನನ್ನ ಚೀಲಗಳು ಖರ್ಚಾಗುತ್ತವೆ. ಹಾಗಾಗಿ ಅವನ ಏಳಿಗೆಯನ್ನು ನನ್ನಷ್ಟು ಮನಸಾರೆ ಬಯಸುವವರು ಊರಲ್ಲಿ ಇನ್ನೊಬ್ಬರಿಲ್ಲ.

ಅವನು ಮಾಲು ನೋಡುವುದೇ ಒಂದು ಬಯಲಾಟ. ಎಮ್ಮಿಗನೂರಿನ ರೈತ ಗಾಳೆಪ್ಪ ಚೀಲ ಇಳಿಸಿದನೆಂದರೆ, ಇವನು ಒಂದು ಹಿಡಿ ಭತ್ತ ತೆಗೆದು, ಅಂಗೈಗಳ ನಡುವೆ ಉಜ್ಜಿ, ಹೊಟ್ಟು ಊದಿ, ಒಂದು ಕಾಳು ಕಡಿದು, ಬೇವಿನ ರಸ ಕುಡಿದವನಂತೆ ಮುಖ ಮಾಡುತ್ತಾನೆ.

"ಹಸಿ ಐತಲ್ಲೋ ಗಾಳೆಪ್ಪ. ಮಿಲ್ಲಿಗೆ ಹಾಕಿದ್ರ ಬರೇ ನುಚ್ಚು."

"ಚೆಂದಾಗಿ ಒಣಗ್ಸೀನ್ರಿ ಯಣ್ಣಾ!"

"ಬಿಸಿಲಾಗ ಒಣಗ್ಸಿದ್ಯೋ, ಬೆಳದಿಂಗಳಾಗೋ?"

ವ್ಯಾಪಾರ ಕುದುರಿ, ಗಾಳೆಪ್ಪ ಗೊಣಗುತ್ತ ಹೋದ ಮೇಲೆ ನನ್ನ ಕಡೆ ತಿರುಗಿ ಹೇಳುತ್ತಾನೆ: "ಬಂಗಾರದಂಥಾ ಮಾಲು." ನಮ್ಮ ದಂಧೆಯ ಧರ್ಮವೇ ಅದು. ಒಳ್ಳೆಯ ಮಾಲನ್ನು ಕೊಳ್ಳುವವನು ಎದುರಿಗೆ ಹೊಗಳಬಾರದು. ಹೊಗಳುವ ಕೆಲಸ ಮಾರುವವನದು. ಮಾಲು ಮುಗ್ಗಿ ಕೆಟ್ಟಿದ್ದರಂತೂ ಹೊಗಳಿಕೆ ಇನ್ನೂ ಹೆಚ್ಚು.

ಈ ಧರ್ಮ ಭತ್ತಕ್ಕೆ ಸರಿ. ಮಗಳಿಗೂ ಅದನ್ನೇ ಹಚ್ಚಿದ್ದು ಅವನ ತಪ್ಪು.

ಕೊರೊನಾದ ವರ್ಷ ಶಾಲೆಗಳು ಮುಚ್ಚಿದವು. ಮಗಳು ಅನುಸೂಯಾ ಆಗ ಐದನೇ ತರಗತಿ. ಹೊಸಪೇಟೆ ಕಡೆಯ ಒಂದು ವಸತಿ ಶಾಲೆಗೆ ಸೇರಬೇಕೆಂದು ಅವಳಿಗೆ ಹುಚ್ಚೇ ಹಿಡಿದಿತ್ತು. "ಅಲ್ಲಿ ದೊಡ್ಡ ಲ್ಯಾಬ್ ಐತಂತ ಕಾಕಾ, ನಕ್ಷತ್ರ ನೋಡಾಕ ದುರ್ಬೀನೂ ಐತಂತ," ಎಂದು ನನ್ನ ತಲೆ ತಿನ್ನುತ್ತಿದ್ದಳು. ಟ್ರಂಕಿನ ಮೇಲೆ ಹೆಸರು ಬರೆಸಿಕೊಂಡು, ಸೋಪಿನ ಡಬ್ಬಿಯನ್ನೂ ಒಳಗಿಟ್ಟಾಗಿತ್ತು. ಉಳಿದಿದ್ದು ಪ್ರವೇಶ ಪರೀಕ್ಷೆಯೊಂದೇ.

"ನಾನಾ ಕಲಿಸ್ತೀನಿ," ಎಂದ ಮರುಳಸಿದ್ದಪ್ಪ. ಅರ್ಧ ಬಾಗಿಲು ತೆರೆದ ಅಂಗಡಿಯಲ್ಲಿ, ಚೀಲಗಳ ಮೇಲೆ ಪಾಠ ಶುರುವಾಯಿತು. ಕಲಿಸಿದ್ದೇನೋ ಚೆನ್ನಾಗಿಯೇ. ಶೇಕಡಾ ಲೆಕ್ಕವನ್ನು ಭತ್ತದಿಂದ ಬರುವ ಅಕ್ಕಿಯಲ್ಲಿ ತೋರಿಸಿದ, ಹುಡುಗಿ ತಟಕ್ಕನೆ ಹಿಡಿದಳು. ಆದರೆ ಅವಳು ಉತ್ತರ ತೋರಿಸಿದಾಗಲೆಲ್ಲ ಅವನ ಮುಖದಲ್ಲಿ ಅದೇ ಬೇವಿನ ರಸ.

"ಇಷ್ಟಕ್ಕ ಇಷ್ಟೊತ್ತಾ? ಅಕ್ಷರ ನೋಡು, ಕೋಳಿ ಕೆದರಿದಂಗ."

"ಉತ್ತರ ಸರಿ ಐತೇನಪ್ಪಾಜಿ?"

"ಇನ್ನೊಮ್ಮಿ ನೋಡು. ಸರಿ ಅನ್ಸಿದ್ದ ತಪ್ಪಿರ್ತೈತಿ."

ಅವಳು ಒಳಗೆ ಹೋದ ಮೇಲೆ ಬೀದಿ ದಾಟಿ ನನ್ನ ಹತ್ತಿರ ಬರುತ್ತಿದ್ದ. "ಏನ್ ತಲಿ ಐತೋ ಮಾರಾಯ ಆಕಿಗೆ! ನನ್ನನ್ನ ತೂಗಿ ಇಡ್ತಾಳ." ಊರೆಲ್ಲ ಈ ಮಾತು ಕೇಳಿತ್ತು, ಅವಳೊಬ್ಬಳನ್ನು ಬಿಟ್ಟು.

ಅವನ ಹೆಂಡತಿ ಗಂಗಾಂಬಿಕಾ ಚಹಾ ತಂದಾಗ ಒಮ್ಮೆ ಕೇಳಿಯೇ ಬಿಟ್ಟಳು: "ಒಂದ್ಸಲ ಶಭಾಷ್ ಅಂದ್ರ ನಿಮ್ಮ ನಾಲಿಗಿ ಸವದು ಹೋಗ್ತೈತೇನ್ರಿ?"

"ಎದುರಿಗೆ ಹೊಗಳಿದ್ರ ದರ ಏರ್ತೈತಿ, ಸುಮ್ನಿರು," ಎಂದ. ಎಲ್ಲರೂ ನಕ್ಕೆವು. ಅನುಸೂಯಾ ನಗಲಿಲ್ಲ.

ಪರೀಕ್ಷೆ ಹೊಸಪೇಟೆಯಲ್ಲಿ. ಅಲ್ಲಿಂದ ಚೀಲ ತರುವುದಿತ್ತೆಂದು ನಾನೂ ಅವರ ಗಾಡಿಯಲ್ಲಿ ಹೋಗಿದ್ದೆ. ವಾಪಸು ಬರುವಾಗ ಮರುಳಸಿದ್ದಪ್ಪ ಪ್ರಶ್ನೆಪತ್ರಿಕೆ ಹಿಡಿದು ಒಂದೊಂದನ್ನೇ ಕೇಳುತ್ತ ಬಂದ. ಹುಡುಗಿ ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತಲೇ ಪಟಪಟನೆ ಉತ್ತರ ಹೇಳಿದಳು. ಎಲ್ಲವೂ ಸರಿ. ಅವನ ಮೀಸೆ ಕುಣಿಯತೊಡಗಿತು.

"ಎಲ್ಲಾ ಹಿಂಗಾ ಗುರುತು ಮಾಡಿ ಬಂದೀದಿ ಹೌದಿಲ್ಲೋ?"

"ಇಲ್ಲಪ್ಪಾಜಿ. ಭಾಳಷ್ಟು ಖಾಲಿ ಬಿಟ್ಟೆ."

"ಯಾಕವ್ವ? ಗೊತ್ತಿದ್ವಲ್ಲ!"

"ಸರಿ ಅನ್ನಿಸ್ತಿದ್ವು. ಅದಕ್ಕ ಬಿಟ್ಟೆ. ಸರಿ ಅನ್ಸಿದ್ದ ತಪ್ಪಿರ್ತೈತಿ ಅಂತಿದ್ದಿ. ನಂದು ಸರಿ ಐತಂತ ನೀನು ಒಂದ್ಸಲನೂ ಅಂದಿಲ್ಲಲ್ಲ."

ಮರುಳಸಿದ್ದಪ್ಪ ಪ್ರಶ್ನೆಪತ್ರಿಕೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟ. ಸೀಟು ಸಿಗಲಿಲ್ಲ. ಆ ಟ್ರಂಕಿನಲ್ಲಿ ಈಗ ಅಂಗಡಿಯ ಹಳೇ ತೂಕದ ಕಲ್ಲುಗಳಿವೆ. ಮುಚ್ಚಳದ ಮೇಲೆ ಅವಳ ಹೆಸರು ಹಾಗೇ ಇದೆ.

ಈ ಬೇಸಿಗೆ ಅನುಸೂಯಾ ಎಸ್ಸೆಸ್ಸೆಲ್ಸಿ ಪಾಸಾದಳು, ಅದೂ ಒಳ್ಳೆಯ ಅಂಕದಲ್ಲಿ. ಹೊಸಪೇಟೆಯಲ್ಲಿ ಸೈನ್ಸ್ ಓದಲೆಂದು ಅಪ್ಪನ ಆಸೆ. "ನನ್ನ ಕೈಲಾಗಂಗಿಲ್ಲ, ಇಲ್ಲೇ ಆರ್ಟ್ಸ್ ತಗೋತೀನಿ," ಎಂದು ಅವಳ ಹಟ. ಒಂದು ಮಧ್ಯಾಹ್ನ ಮರುಳಸಿದ್ದಪ್ಪ ಪೇಢೆಯ ಡಬ್ಬಿ ಹಿಡಿದು, ಅವಳನ್ನು ನನ್ನ ಅಂಗಡಿಗೇ ಕರೆತಂದ. ಸಾಕ್ಷಿಗೊಬ್ಬರು ಇರಲಿ ಎಂದಿರಬೇಕು. ಗಂಟಲು ಸರಿಮಾಡಿಕೊಂಡು, ಪಾಠ ಒಪ್ಪಿಸುವವನಂತೆ ನಿಂತ.

"ಅನುಸೂಯಾ, ನಿನ್ನಂಥಾ ಶಾಣ್ಯಾಕಿ ಈ ಬಜಾರ್ನಾಗ ಯಾರೂ ಇಲ್ಲವ್ವ. ಸೈನ್ಸ್ ನಿನಗ ನೀರು ಕುಡದಂಗ."

ಅವಳು ಅಪ್ಪನ ಮುಖವನ್ನು ದಿಟ್ಟಿಸಿದಳು, ಅವನು ಗಾಳೆಪ್ಪನ ಭತ್ತ ನೋಡುವಂತೆಯೇ.

"ಅಪ್ಪಾಜಿ, ನೀನು ಎದುರಿಗೆ ಇಷ್ಟು ಹೊಗಳಾಕತ್ತೀದಿ ಅಂದ್ರ ಮಾಲಿನಾಗ ಏನೋ ಕೆಟ್ಟಿರಬೇಕು. ಏನಂತ ಹೇಳಿಬಿಡು."

"ಇಲ್ಲವ್ವ, ಖರೇನ ಹೇಳಾಕತ್ತೀನಿ," ಎಂದ. ಅವಳು ಡಬ್ಬಿಯಿಂದ ಎರಡು ಪೇಢೆ ತೆಗೆದು, "ತಗೋರಿ ಕಾಕಾ," ಎಂದು ನನ್ನ ಕೈಗಿಟ್ಟು, ಬೀದಿ ದಾಟಿ ಮನೆಗೆ ಹೋದಳು. ಆರ್ಟ್ಸ್ ಫಾರಂ ಕೊಡಲು ಮರುದಿನವೇ ಕಡೇ ದಿನ.

ಮರುಳಸಿದ್ದಪ್ಪ ಡಬ್ಬಿ ಹಿಡಿದುಕೊಂಡೇ ನಿಂತಿದ್ದ. "ನೀನಾದ್ರೂ ಹೇಳಪಾ ಆಕಿಗೆ," ಎಂದ. ನಾನು ಹೇಳಿದರೂ ನಂಬುತ್ತಾಳೆಯೇ? ನಾನೂ ಅದೇ ಬಜಾರಿನವನು.